ಗೋಡೆಯೊಳಗಿನ ಬಾರಿ

ಮದುವೆಯಾಗಿ ಗುಜರಾತಿಗೆ ಬಂದ ಮೇಲೆ ನಾನು ಗೋಡೆಗೆ ಒಂದು ಮೊಳೆಯನ್ನೂ ಹೊಡೆದವಳಲ್ಲ. ಬರುತ್ತಿರಲಿಲ್ಲ ಅಂತಲ್ಲ, ಹೊಡೆಯುವಂತಿರಲಿಲ್ಲ. ನಮ್ಮವರ ನೌಕರಿ ವಡೋದರದ ಹತ್ತಿರ ಕೊಯಾಲಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ, ನಮ್ಮ ಸಂಸಾರ ಅಲ್ಲಿಯ ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ. ಗೋಡೆ ಕಂಪನಿಯದು, ಬಣ್ಣ ಕಂಪನಿಯದು. ಕ್ಯಾಲೆಂಡರ್ ತೂಗಹಾಕಬೇಕೆಂದರೆ ಹಿಂದೆ ಇದ್ದವರು ಬಿಟ್ಟುಹೋದ ಮೊಳೆ ಎಲ್ಲಿದೆಯೋ ಅಲ್ಲೇ. ಒಂದು ಮನೆಯಲ್ಲಿ ಆ ಮೊಳೆ ಬಚ್ಚಲ ಬಾಗಿಲ ಪಕ್ಕದಲ್ಲಿತ್ತು. ಆ ಮನೆಯಲ್ಲಿದ್ದಷ್ಟು ವರ್ಷ ಏಕಾದಶಿ, ಸಂಕಷ್ಟಿಗಳನ್ನೆಲ್ಲ ನಾವು ಬಚ್ಚಲ ಬಾಗಿಲಲ್ಲಿ ನಿಂತೇ ನೋಡಿಕೊಂಡೆವು.

ಧಾರವಾಡದಿಂದ ಹೊರಡುವಾಗ ಅವ್ವ ಕೊಟ್ಟ ಹಿತ್ತಾಳೆ ಪಾತ್ರೆಗಳು ನನ್ನ ಹತ್ತಿರ ಇವೆ. ಕೊಡ, ತಂಬಿಗೆಗಳು, ಒಂದರೊಳಗೊಂದು ಕೂರುವ ಬೋಗುಣಿಗಳು. ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಅವಕ್ಕೆ ಜಾಗವಿರಲಿಲ್ಲ. ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಮಂಚದ ಕೆಳಗೆ ಕೂತವು, ಮನೆ ಬದಲಾದಾಗ ಇನ್ನೊಂದು ಮಂಚದ ಕೆಳಗೆ ಹೋದವು. ಇತ್ತ ಗುಜರಾತಿ ಗೆಳತಿಯರ ಮನೆಗೆ ಹೋದರೆ ಅಡುಗೆಮನೆಯ ಗೋಡೆಗೆ ಎತ್ತರದಲ್ಲಿ ಉದ್ದಕ್ಕೂ ಹಲಗೆ, ಹಲಗೆಯ ತುಂಬ ತೊಳೆದು ಬೆಳಗಿಟ್ಟ ಹಿತ್ತಾಳೆ. ಅವರು ಅದಕ್ಕೆ ಅಭರಾಯಿ ಎನ್ನುತ್ತಾರೆ. ನಮ್ಮ ಕಡೆಯ ನಾಗೊಂದಿಗೆಯೇ ಅದು. ಮಾತಾಡುತ್ತ ಮಾತಾಡುತ್ತ ನನ್ನ ಕಣ್ಣು ಮೇಲೆ ಹೋಗುತ್ತಿತ್ತು. ನನಗೂ ಒಂದು ಗೋಡೆ ಬೇಕು, ಈ ತುದಿಯಿಂದ ಆ ತುದಿಯವರೆಗೆ ನನ್ನದೇ ಆದದ್ದು, ಕೆಳಗಿನಿಂದ ಮೇಲಿನವರೆಗೆ ಹಲಗೆ ಹೊಡೆಸಬೇಕು ಎಂಬ ಆಸೆ ಆಗಲೇ ಅಂಟಿಕೊಂಡಿತು. ಬಂಗಾರ ಬೇಡಿದ್ದರೆ ನಮ್ಮವರು ಹೇಗಾದರೂ ಕೊಡಿಸುತ್ತಿದ್ದರು. ಗೋಡೆ ಬೇಡುವ ಹೆಂಡತಿಗೆ ಪಾಪ ಅವರೇನು ಮಾಡಿಯಾರು?

ನಿವೃತ್ತಿಯಾದ ಮೇಲೆ ನಾವು ಕೊಂಡದ್ದು ಮಾತ್ರ ಅರ್ಧ ಮನೆ. ವಡೋದರದ ಒಂದು ಹಳೆಯ ಸೊಸೈಟಿಯಲ್ಲಿ, ಬೇವಿನ ಮರಗಳ ನಡುವೆ, ಹೆಗಲಿಗೆ ಹೆಗಲು ಕೊಟ್ಟು ಕೂತ ಜೋಡಿಮನೆ. ಇಲ್ಲಿಯವರ ಬಾಯಲ್ಲಿ ಟೆನಮೆಂಟ್. ಮಹಡಿಯಿಲ್ಲ, ಮುಂದೆ ಉಯ್ಯಾಲೆಯ ಕೊಂಡಿಗಳಿರುವ ಜಗಲಿ, ಹಿಂದೆ ಪಾತ್ರೆ ತೊಳೆಯುವ ಚೌಕ. ಎರಡು ಮನೆಗೂ ಸೇರಿ ನಡುವೆ ಒಂದೇ ಗೋಡೆ. ಅಹಮದಾಬಾದಿನ ನವರಂಗಪುರದಲ್ಲಿ ಕೆಲಸ ಮಾಡುವ ಮಗಳು ಒಂದು ಭಾನುವಾರ ಬಂದು ನೋಡಿ, "ಮಮ್ಮಿ, ಲಿಫ್ಟ್ ಇರೋ ಫ್ಲಾಟ್ ಬಿಟ್ಟು ಈ ಖಂಡಹರ್ ಯಾಕೆ?" ಎಂದು, ಪಾಳುಮನೆಗೆ ಹಿಂದಿ ಪದ ಬೆರೆಸಿ, ತನ್ನ ಅರೆಬರೆ ಕನ್ನಡದಲ್ಲಿ ಕೇಳಿ, ಚಹಾ ಕುಡಿದು ಹೋದಳು.

ವೈರಿಂಗು ಮತ್ತು ನಲ್ಲಿ ಕೆಲಸ ಬಿಟ್ಟು ಉಳಿದದ್ದೆಲ್ಲ ನಾವೇ ಮಾಡುವುದೆಂದು ನಿಶ್ಚಯಿಸಿದೆವು. ನಮ್ಮವರು ಜೀವಮಾನವಿಡೀ ದುರಸ್ತಿ ವಿಭಾಗದಲ್ಲಿದ್ದವರು. ತಿರುಗುವುದು, ಸೋರುವುದು, ಗಡಗಡ ಎನ್ನುವುದು ಯಾವುದಿದ್ದರೂ ಅವರಿಗೆ ಹಬ್ಬ. ನನ್ನದು ಬೇರೆಯದೇ ಚಟ, ಕೆದಕುವುದು. ಒಂದು ಪದರ ಕಿತ್ತರೆ ಕೆಳಗೆ ಇನ್ನೇನಿದೆ ಎಂದು ನೋಡದೆ ನನಗೆ ಊಟ ಸೇರುವುದಿಲ್ಲ.

ಅಂಥವಳಿಗೆ ಹಳೆಯ ಮನೆ ಸಿಕ್ಕರೆ ಕೇಳಬೇಕೇ? ಮುಂಬಾಗಿಲ ಬಣ್ಣ ಕೆರೆಯಲು ಕೂತೆ. ಮೇಲೆ ಕಂದು, ಅದರ ಕೆಳಗೆ ಆಸ್ಪತ್ರೆಯ ಹಸಿರು, ಅದರ ಕೆಳಗೆ ನೀಲಿ. ನೀಲಿಯ ಕೆಳಗೆ ಸಾಗುವಾನಿ ಕಂಡಾಗ ನಾನು ಕೂಗಿದ ಕೂಗಿಗೆ ನಮ್ಮವರು ಚೇಳು ಕಡಿಯಿತೇನೋ ಎಂದು ಚಪ್ಪಲಿ ಹಿಡಿದುಕೊಂಡು ಓಡಿಬಂದರು. ಹಾಲ್‌ನಲ್ಲಿ ಹಾಕಿದ್ದ ಹೊಳಪಿನ ಟೈಲ್ಸ್ ಒಂದು ಮೂಲೆಯಲ್ಲಿ ಎದ್ದಿತ್ತು. ಉಳಿ ಹಾಕಿ ಮೀಟಿದರೆ ಕೆಳಗೆ ಹಳೆಯ ಮೊಸಾಯಿಕ್, ನಸುಹಳದಿಯಲ್ಲಿ ಕರಿ ಕೆಂಪು ಚುಕ್ಕಿ. ಯಾರು ಮುಚ್ಚಿದರು? ಇಷ್ಟು ಚೆಂದದ್ದನ್ನು ಮುಚ್ಚಲು ಅವರಿಗೆ ಮನಸ್ಸಾದರೂ ಹೇಗೆ ಬಂತು? ದಿನವೂ ಮಂಡಿಯೂರಿ ಕೂತು ಹೀಗೆ ಕಾಣದವರ ಜೊತೆ ಜಗಳವಾಡುತ್ತ ನಾನು ನೆಲ ಉಜ್ಜಿದೆ. ಸಂಜೆ ಹೊತ್ತಿಗೆ ಇಬ್ಬರ ತಲೆಯೂ ಸುಣ್ಣದ ಪುಡಿಯಿಂದ ಬೆಳ್ಳಗಾಗಿರುತ್ತಿತ್ತು. ಮೊದಲೇ ಬೆಳ್ಳಗಿದ್ದದ್ದು ಆಗ ಯಾರಿಗೂ ತಿಳಿಯುತ್ತಿರಲಿಲ್ಲ.

ಪಕ್ಕದ ಅರ್ಧದಲ್ಲಿರುವವರನ್ನು ಇಡೀ ಸೊಸೈಟಿ ಮಾಸಿ ಎನ್ನುತ್ತದೆ. ಚಿಕ್ಕಮ್ಮ ಎಂದ ಹಾಗೆ. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಕೋಲು, ಬಾಯಲ್ಲಿ ಗುಜರಾತಿ ಬಿಟ್ಟರೆ ಬೇರೆ ಮಾತಿಲ್ಲ. ಮಗ, ಸೊಸೆ ಜೊತೆಗಿದ್ದಾರೆ. ಸೊಸೆ ಶಾಲೆಯಲ್ಲಿ ಟೀಚರ್, ಹಿಂದಿ ಚೆನ್ನಾಗಿ ಬರುತ್ತದೆ. ನಾವು ಸಾಮಾನು ಇಳಿಸಿದ ದಿನವೇ ಅವಳ ಕೈಯಲ್ಲಿ ಒಂದು ಬಟ್ಟಲು ದಾಲ್ ಢೋಕ್ಲಿ ಬಂತು. ನಾನು ಬಟ್ಟಲನ್ನು ತೊಳೆದು, ಶೇಂಗಾ ಚಟ್ನಿ ತುಂಬಿ ವಾಪಸು ಕೊಟ್ಟೆ. ಬಂದ ಬಟ್ಟಲನ್ನು ಖಾಲಿ ಕಳಿಸಬಾರದೆಂಬುದು ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಈ ಕೊಡುಕೊಳ್ಳುವಿಕೆಗೆ ಇಲ್ಲಿ ಒಂದು ಹೆಸರೇ ಇದೆ, ವಾಟ್ಕಿ ವ್ಯವಹಾರ್. ವಾಟ್ಕಿ ಎಂದರೆ ನಮ್ಮ ವಾಟಗಾ, ಬಟ್ಟಲು. ಇಂಥವರ ಜೊತೆ ನಮಗೆ ವಾಟ್ಕಿ ವ್ಯವಹಾರ್ ಇದೆ ಎಂದರೆ ಅದಕ್ಕಿಂತ ಹತ್ತಿರದ ನೆರೆ ಇನ್ನೊಂದಿಲ್ಲ ಎಂದು ಅರ್ಥ. ಕೇಳಿ ನನಗೆ ಖುಷಿಯಾಯಿತು.

ಇಷ್ಟು ವರ್ಷ ಗುಜರಾತಿನಲ್ಲಿದ್ದೂ ನಮ್ಮ ಗುಜರಾತಿ ಮಾತ್ರ ತರಕಾರಿ ಗಾಡಿಯ ಆಚೆ ಹೋಗಿರಲಿಲ್ಲ. ಟೌನ್‌ಶಿಪ್ಪಿನಲ್ಲಿ ಬಂಗಾಳಿ, ಮಲಯಾಳಿ, ಬಿಹಾರಿ ಎಲ್ಲರ ನಡುವೆ ನಡೆಯುತ್ತಿದ್ದದ್ದು ಹಿಂದಿ. ಗುಜರಾತಿಯಲ್ಲಿ ಸಾರು ಎಂದರೆ ಒಳ್ಳೆಯದು. ಹೊಸದಾಗಿ ಬಂದಾಗ ಯಾರೋ "ಸಾರು ಛೆ?" ಎಂದು ಕ್ಷೇಮ ಕೇಳಿದರೆ, "ಇಲ್ಲ, ಇವತ್ತು ಹುಳಿ" ಎಂದು ಹೇಳಿದವಳು ನಾನು. ಅಂಥ ನಗೆಪಾಟಲುಗಳೆಲ್ಲ ಮುಗಿದುಹೋದವು, ಇನ್ನು ಮೋಸಹೋಗುವುದಿಲ್ಲ ಅಂದುಕೊಂಡಿದ್ದೆ.

ಇನ್ನು ಗೋಡೆಯ ವಿಷಯ. ಅಡುಗೆಮನೆಯಲ್ಲಿ ಬಾಗಿಲು, ಕಿಟಕಿ, ಕಪಾಟು ಯಾವುದೂ ಇಲ್ಲದೆ ಉದ್ದಕ್ಕೆ ನಿಂತದ್ದು ಒಂದೇ ಗೋಡೆ. ಅದೇ ನಡುಗೋಡೆ. ಮನೆ ನೋಡಲು ಬಂದ ದಿನವೇ ನಾನು ಅದನ್ನು ಆರಿಸಿದ್ದೆ. ನಿಜ ಹೇಳಬೇಕೆಂದರೆ ಮನೆ ಆರಿಸಿದ್ದೇ ಅದಕ್ಕಾಗಿ. ಬಡಗಿ ಬೇಡ, ಹಲಗೆ ನಾನೇ ಕೂರಿಸುತ್ತೇನೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಡ್ರಿಲ್ ಹಿಡಿಯುವುದನ್ನೂ ಕಲಿತಿದ್ದೆ.

ಮೊದಲ ಮಳೆ ಹಿಡಿದು ಎರಡು ದಿನ ಬಿಡಲಿಲ್ಲ. ಮೂರನೆಯ ಬೆಳಿಗ್ಗೆ ನೋಡಿದರೆ ನನ್ನ ಗೋಡೆಯ ನಟ್ಟನಡುವೆ ಒಂದು ಚೌಕ ಮೂಡಿತ್ತು. ಸುತ್ತಲ ಗಿಲಾವು ತಣ್ಣಗೆ ಒದ್ದೆಯಾಗಿ ಕಪ್ಪಾಗಿತ್ತು, ಚೌಕದೊಳಗೆ ಮಾತ್ರ ಬೆಳ್ಳಗಿತ್ತು. ಗೆರೆ ಎಳೆದ ಹಾಗೆ ನಾಲ್ಕು ಮೂಲೆ. ಬಿಸಿಲು ಬಂದರೆ ಮಾಯ, ಮಳೆ ಬಂದರೆ ಮತ್ತೆ ಪ್ರತ್ಯಕ್ಷ. ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಹೊರಗೆ ಟಕಟಕ ಎನ್ನುವ ಗೋಡೆ, ಚೌಕದೊಳಗೆ ಡಬಡಬ ಎಂದಿತು.

"ಏನ್ರೀ, ಇಲ್ಲಿ ಒಳಗ ಏನೋ ಐತಿ. ಗ್ವಾಡಿ ಪೊಳ್ಳ ಐತಿ ನೋಡ್ರಿ."

ನಮ್ಮವರು ಕನ್ನಡಕ ಏರಿಸಿ, ಬಡಿದು, ಕಿವಿಯಿಟ್ಟು, ಡಾಕ್ಟರ ಗತ್ತಿನಲ್ಲಿ ತಲೆಯಾಡಿಸಿದರು. "ಸುಮ್ನ ಕೆದಕಬ್ಯಾಡ. ಲೋಡ್ ತಡೀಲಿಕ್ಕೆ ಏನರ ಮಾಡಿರತಾರ. ಎರಡು ಮನಿ ಭಾರ ಇದರ ಮ್ಯಾಲ ಐತಿ."

ಮಾಸಿ ನಮ್ಮ ಮನೆಗೆ ಮೊದಲ ಸಲ ಬಂದದ್ದು ಆ ವಾರವೇ. ಮಂಡಿನೋವು, ಮೆಟ್ಟಿಲು ಹತ್ತಲಾಗದು. ಆದರೂ ಕೋಲೂರಿ, ತಮ್ಮ ಗೇಟು ದಾಟಿ, ನಮ್ಮ ಗೇಟು ದಾಟಿ, ಜಗಲಿಯಲ್ಲಿ ಉಸಿರು ತೆಗೆದುಕೊಂಡು, ನೇರವಾಗಿ ಅಡುಗೆಮನೆಗೆ ನಡೆದರು. ಸಾಗುವಾನಿ ಬಾಗಿಲು ನೋಡಲಿಲ್ಲ, ನಾನು ಸೊಂಟ ಮುರಿದುಕೊಂಡು ಹೊಳೆಯಿಸಿದ ನೆಲ ನೋಡಲಿಲ್ಲ. ನಡುಗೋಡೆಯ ಎದುರು ನಿಂತು ಆ ಚೌಕದ ಮೇಲೆ ಅಂಗೈ ಇಟ್ಟರು.

"ಅಹೀಂ ಬಾರಿ ಛೆ," ಅಂದರು. ಅಹೀಂ ಎಂದರೆ ಇಲ್ಲಿ, ಛೆ ಎಂದರೆ ಇದೆ. ಅಷ್ಟು ನನಗೆ ಬರುತ್ತಿತ್ತು.

ನಮ್ಮವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. "ಕೇಳಿದ್ಯಾ? ಭಾರಿ ಐತಿ ಅಂತಾರ. ನಾ ಮೊದಲ ಹೇಳಿದ್ದಿಲ್ಲ?"

"ಮಾಸಿಗೆ ಲೋಡಿಂದೇನ ಗೊತ್ತಾಗ್ಬೇಕ್ರೀ?"

"ಮನಿ ಕಟ್ಟಿದಾಗಿಂದ ಇಲ್ಲೇ ಅದಾರ. ಅವ್ರಿಗೆ ಗೊತ್ತಿಲ್ದ ನಿನಗ ಗೊತ್ತಿರತೈತೇನು?"

ಹಿಂದಿಯಲ್ಲಿ ಭಾರೀ ಎಂದರೂ ತೂಕವೇ, ನಮ್ಮಲ್ಲಿ ಭಾರ ಎಂದರೂ ತೂಕವೇ. ಮಹಾಪ್ರಾಣ ಅಲ್ಪಪ್ರಾಣ ಎಂದು ಶಾಲೆಯಲ್ಲಿ ಬೆತ್ತ ತಿಂದು ಕಲಿತರೂ ನಮ್ಮ ಕಿವಿಗೆ ಬ ಮತ್ತು ಭ ಒಂದೇ ಮನೆಯವು. ಮಾಸಿ ನಮ್ಮಿಬ್ಬರ ಮುಖ ನೋಡುತ್ತ, ಗೋಡೆಯನ್ನು ಇನ್ನೊಮ್ಮೆ ತಟ್ಟಿ ಕೇಳಿದರು, "ತೋಡ್‌ಶೋ ನೆ?"

ಒಡೆಯುತ್ತೀರಾ ಎಂದು ಹೆದರಿ ಕೇಳುತ್ತಿದ್ದಾರೆ ಎಂದು ನಮಗೆ ಅರ್ಥವಾಯಿತು. ಪಾಪ, ಹಗಲೆಲ್ಲ ಸುತ್ತಿಗೆಯ ಸದ್ದು ಕೇಳಿ ತಮ್ಮ ಸೂರು ಎಲ್ಲಿ ಕುಸಿಯುತ್ತದೋ ಎಂಬ ಚಿಂತೆ. ಇಬ್ಬರೂ ಒಟ್ಟಿಗೆ ಕೈ ಮುಗಿಯುವುದೊಂದು ಬಾಕಿ. "ನಹೀಂ ನಹೀಂ ಮಾಸಿ! ಕಭೀ ನಹೀಂ ತೋಡೇಂಗೆ! ಬಿಲ್ಕುಲ್ ನಹೀಂ!" ಎಂದೆವು. ಎಂದಿಗೂ ಒಡೆಯುವುದಿಲ್ಲ, ಖಂಡಿತ ಇಲ್ಲ. ನಮ್ಮವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಗೋಡೆಗೆ ಕೈಯನ್ನೂ ಹಚ್ಚುವುದಿಲ್ಲವೆಂದು ಕಿವಿ ಮುಟ್ಟಿಕೊಂಡರು.

ಮಾಸಿ ಗೋಡೆಯಿಂದ ಕೈ ತೆಗೆದರು. ಆಮೇಲೆ "ಭಲೆ," ಅಂದರು, ಆಗಲಿ ಎಂದು. ಕೋಲೂರಿಕೊಂಡು ಹೊರಟರು. ಚಹಾ ಮಾಡುತ್ತೇನೆಂದರೂ ನಿಲ್ಲಲಿಲ್ಲ.

ಆಮೇಲೆ ಬಟ್ಟಲು ಬರುವುದು ನಿಂತಿತು. ಮೊದಲು ನಾನು ಗಮನಿಸಲಿಲ್ಲ. ಗಮನಿಸಿದ ಮೇಲೆ ಕಾರಣ ಹುಡುಕತೊಡಗಿದೆ. ಚಟ್ನಿ ಖಾರವಾಯಿತೇ? ಬೆಳ್ಳುಳ್ಳಿ ತಿನ್ನುವುದಿಲ್ಲವೇ? ಜಗಲಿಯಲ್ಲಿ ಎದುರು ಸಿಕ್ಕರೆ ಮಾಸಿ ಜೈ ಶ್ರೀಕೃಷ್ಣ ಎಂದು ಒಳಗೆ ಹೋಗಿಬಿಡುತ್ತಿದ್ದರು. ಸುತ್ತಿಗೆಯ ಸದ್ದಿಗೆ ಬೇಸರವಾಗಿರಬೇಕೆಂದು ನಾವು ಮಧ್ಯಾಹ್ನ ಕೆಲಸ ನಿಲ್ಲಿಸಿದೆವು. ಅದರಿಂದಲೂ ಏನೂ ಆಗಲಿಲ್ಲ. ಲೋಡಿನ ಹೆದರಿಕೆಯಿಂದ ನನ್ನ ಹಲಗೆಗಳೂ ಗೋಡೆಗೆ ಒರಗಿ ಹಾಗೆಯೇ ನಿಂತಿದ್ದವು. ಡ್ರಿಲ್ ಕೈಗೆತ್ತಿಕೊಂಡರೆ ಸಾಕು, ನಮ್ಮವರು ಕೆಮ್ಮುತ್ತಿದ್ದರು.

ಮುಂದಿನ ಕೋಣೆಯ ಕಿಟಕಿಯ ಒಂದು ಕದವನ್ನು ಗೆದ್ದಲು ತಿಂದಿತ್ತು. ಅದಕ್ಕೆ ಹೊಂದುವ ಹಳೆಯ ಕದ ಹುಡುಕಿಕೊಂಡು ಒಂದು ದಿನ ಹಳೆ ಊರಿನ ಕಡೆ ಹೋದೆ. ಕೆಡವಿದ ಮನೆಗಳ ಮರಮುಟ್ಟು ಮಾರುವ ಅಂಗಡಿ. ಬಾಗಿಲುಗಳು ಒಂದು ಕಡೆ, ಕಿಟಕಿಗಳು ಒಂದು ಕಡೆ, ನಡುವೆ ಬನಿಯನ್ನಿನಲ್ಲಿ ಕೂತ ಅಂಗಡಿಯವನು.

"ಬಾರಿ ಜೋಯಿಯೆ ಕೆ ಬಾರಣು?" ಎಂದು ಕೇಳಿದ. ಬಾರಿ ಬೇಕೋ, ಬಾರಣು ಬೇಕೋ.

ಬಾರಣು ಏನೆಂದು ನನಗೆ ಗೊತ್ತಿರಲಿಲ್ಲ. ಭಾರಿ ಮಾತ್ರ ಚೆನ್ನಾಗಿ ಗೊತ್ತಿತ್ತು. "ಭಾರಿ ನಹೀಂ ಭಾಯಿ, ಹಲ್ಕಾ ಚಾಹಿಯೆ," ಅಂದೆ. ಹಗುರದ್ದು ಕೊಡಪ್ಪ.

ಅವನು ಎದ್ದು ಬಾಗಿಲುಗಳ ಕಡೆ ನಡೆದ. ಅದಲ್ಲ ಎಂದೆ. ಇನ್ನೊಂದು ಬಾಗಿಲು ತೋರಿಸಿದ. ಅದೂ ಅಲ್ಲ ಎಂದೆ. ಕಡೆಗೆ ನಾನೇ ಕಿಟಕಿಗಳ ರಾಶಿಯ ಹತ್ತಿರ ಹೋಗಿ ಒಂದರ ಮೇಲೆ ಕೈಯಿಟ್ಟು, ಇದು, ಇಂಥದ್ದು ಬೇಕು ಅಂದೆ. ಅವನು ಹಣೆ ಬಡಿದುಕೊಂಡು ನಕ್ಕ. ಕಿಟಕಿಯ ಚೌಕಟ್ಟನ್ನು ಪಟಪಟ ತಟ್ಟಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದ. "ಬೆನ್, ಆ ಜ ತೋ ಬಾರಿ! ಬಾರಿ!" ಅಕ್ಕಾ, ಇದೇ ಅಲ್ಲವೇ ಬಾರಿ.

ನಾನೂ ನಕ್ಕೆ. ಬಾರಣು ಎಂದರೆ ಬಾಗಿಲು, ಬಾರಿ ಎಂದರೆ ಕಿಟಕಿ. ಕದ ಆರಿಸಿ ಆಟೋದ ಹಿಂದೆ ಕಟ್ಟಿಸಿದೆ. ಕಿಟಕಿಗೆ ಧಾರವಾಡದಲ್ಲೂ ಖಿಡಕಿ, ಹಿಂದಿಯಲ್ಲೂ ಖಿಡಕಿ, ಹಾಗಾಗಿ ಗುಜರಾತಿಯಲ್ಲಿ ಏನೆಂದು ಕೇಳುವ ಪ್ರಸಂಗವೇ ನನಗೆ ಬಂದಿರಲಿಲ್ಲ. ಇದನ್ನೇ ಯೋಚಿಸುತ್ತ ಅರ್ಧ ದಾರಿ ಬಂದಿರಬೇಕು. ಆಗ ಆ ಚೌಕ ಕಣ್ಣ ಮುಂದೆ ಬಂತು, ಅದರ ಮೇಲೆ ಮಾಸಿಯ ಅಂಗೈ. ಅಹೀಂ ಬಾರಿ ಛೆ. ಇಲ್ಲಿ ಕಿಟಕಿ ಇದೆ. ತೋಡ್‌ಶೋ ನೆ? ಒಡೆದು ತೆಗೆಯುತ್ತೀರಿ ತಾನೇ? ಎಂದಿಗೂ ಇಲ್ಲ, ಖಂಡಿತ ಇಲ್ಲ ಎಂದು ಇಬ್ಬರೂ ಸೇರಿ, ಕಿವಿ ಮುಟ್ಟಿಕೊಂಡು ಹೇಳಿ ಕಳಿಸಿದ್ದೆವು. 

ನಮ್ಮವರು ಕೇಳಿ ಕುರ್ಚಿಯ ಮೇಲೆ ಕೂತುಬಿಟ್ಟರು. "ಅಯ್ಯ ದೇವ್ರೇ, ಮಂಡಿನೋವಿನ್ಯಾಗ ಅಷ್ಟು ದೂರ ನಡಕೊಂಡ ಬಂದು ಕೇಳಿದ್ರಲ್ಲ," ಅಂದರು.

ಸಂಜೆ ಸೊಸೆ ಶಾಲೆಯಿಂದ ಬರುವುದನ್ನೇ ಕಾದು ಗೇಟಿನಲ್ಲಿ ಹಿಡಿದೆ. ಗೋಡೆಯಲ್ಲಿ ಕಿಟಕಿ ಯಾಕಿತ್ತು, ಯಾರಿಗಿತ್ತು ಎಂದು ಕೇಳಿದೆ. ಅವಳು ಹಿಂದಿಯಲ್ಲಿ ಹೇಳಿದಳು. ಜೋಡಿಮನೆಯನ್ನು ಕಟ್ಟಿಸಿದ್ದು ಮಾಸಿಯ ಗಂಡ ಮತ್ತು ಅವರ ಸ್ನೇಹಿತ. ಹೆಂಡತಿಯರಿಬ್ಬರೂ ಗೆಳತಿಯರಾದರು. ನಮ್ಮ ಅರ್ಧದಲ್ಲಿ ಇದ್ದದ್ದು ಆ ಗೆಳತಿ. ಎರಡು ಅಡುಗೆಮನೆಗಳ ನಡುವೆ ಕಿಟಕಿ ಇರಲಿ ಎಂದು ಹಟ ಹಿಡಿದವರೂ ಅವರಿಬ್ಬರೇ. ದಿನಕ್ಕೆ ಅದೆಷ್ಟು ಸಲ ಬಟ್ಟಲು ಆಚೆ ಈಚೆ ಹೋಗುತ್ತಿತ್ತೋ. ಎಷ್ಟೋ ಬೇಳೆ ಮಾತಿನಲ್ಲೇ ತಳ ಹಿಡಿದಿತ್ತಂತೆ.

ಆಮೇಲೆ ಗೆಳತಿ ಮಗನ ಮನೆಗೆಂದು ಸೂರತ್‌ಗೆ ಹೊರಟರು. ಮಾಸಿಗೆ ಅದು ಸರಿಬರಲಿಲ್ಲ. ಮುನಿಸಿಕೊಂಡು ತಮ್ಮ ಕಡೆಯ ಕದ ಎಳೆದು ಚಿಲಕ ಹಾಕಿದರು, ಹೊರಡುವ ದಿನವೂ ತೆಗೆಯಲಿಲ್ಲ. ಮನೆ ಮಾರಾಟವಾಗಿ ಯಾವುದೋ ಕಂಪನಿಯ ಗೆಸ್ಟ್‌ಹೌಸ್ ಆಯಿತು. ಗುರುತಿಲ್ಲದ ಗಂಡಸರು ಬಂದುಹೋಗುವ ಜಾಗ ಎಂದು ಮಾಸಿಯ ಮಗನೇ ಹೇಳಿ ಆ ಕಡೆಯಿಂದ ಇಟ್ಟಿಗೆ ಕಟ್ಟಿಸಿದ. ಮಾಸಿಯ ಕಡೆ ಕದಗಳು ಇನ್ನೂ ಹಾಗೆಯೇ ಇವೆ. ಅವನ್ನು ಅವರು ಮತ್ತೆ ತೆರೆದಿಲ್ಲ. ಇಟ್ಟಿಗೆಯನ್ನು ಏನು ನೋಡುವುದು ಅನ್ನುತ್ತಾರಂತೆ. ಗೆಳತಿ ಸೂರತ್‌ನಲ್ಲೇ ತೀರಿಕೊಂಡು ಕೆಲವು ವರ್ಷಗಳಾಗಿವೆ.

"ಮಮ್ಮಿ ಈಗಲೂ ಬೈಯುತ್ತಿರುತ್ತಾರೆ," ಎಂದು ಸೊಸೆ ನಕ್ಕಳು. "ನನ್ನ ಬಟ್ಟಲು ತೆಗೆದುಕೊಂಡು ಹೋದಳು, ವಾಪಸು ಕೊಡಲೇ ಇಲ್ಲ ಅಂತ."

ಇಷ್ಟೆಲ್ಲ ಕೇಳಿದ ಮೇಲೆ ನಾನು ಕರಗಿ ನೀರಾಗಬೇಕಿತ್ತು. ಆಗಲಿಲ್ಲ. ಮನೆಗೆ ಬಂದು ಗೋಡೆ ನೋಡಿದರೆ ನನಗೆ ಬಂದದ್ದು ಸಿಟ್ಟು. ಜೀವನವಿಡೀ ಕಾದು ಒಂದು ಗೋಡೆ ಸಿಕ್ಕಿತ್ತು. ಅದೂ ನೋಡಿದರೆ ಅರ್ಧ ಪಕ್ಕದವರದು, ಈಗ ನನ್ನ ಅರ್ಧದಲ್ಲೂ ನಟ್ಟನಡುವೆ ತೂತು. ಕಿಟಕಿ ತೆಗೆದರೆ ಸಾಲು ಹಲಗೆ ಎಲ್ಲಿ ಬಂತು? ನಾನು ಹುಳಿ ಕುದಿಸುವುದನ್ನು, ಸೀದದ್ದನ್ನು, ನಮ್ಮವರ ಮೇಲೆ ರೇಗುವುದನ್ನು ಒಬ್ಬರು ಕೂತು ನೋಡುತ್ತಿರಬೇಕೇ? ಕ್ವಾರ್ಟರ್ಸಿನಲ್ಲಿ ಪಕ್ಕದವರ ಕುಕ್ಕರಿನ ಸೀಟಿಯನ್ನು ನಾವು, ನಮ್ಮದನ್ನು ಅವರು ಎಣಿಸಿದ್ದು ಸಾಲದೇ? ಆ ಕಿಟಕಿ ಇದ್ದದ್ದು ಗೆಳತಿಗಾಗಿ, ನಾನೇನು ಅವರ ಗೆಳತಿಯೇ?

ಇದನ್ನೆಲ್ಲ ಜೋರಾಗಿಯೇ ಹೇಳಿದೆ. ನಮ್ಮವರು ಕೇಳಿಸಿಕೊಂಡು, "ಗ್ವಾಡಿ ನಿಂದು. ನೀ ಹೆಂಗಂತಿ ಹಂಗ," ಎಂದು ಪೇಪರ್ ಹಿಡಿದರು. ಜಗಳಕ್ಕೂ ಜೊತೆ ಸಿಗಲಿಲ್ಲ.

ಕೆಲವು ದಿನ ಆ ಗೋಡೆಗೆ ಬೆನ್ನು ಹಾಕಿ ಕೆಲಸ ಮಾಡಿದೆ. ಆದರೆ ಕೆದಕುವ ಚಟದವಳಿಗೆ ಗೋಡೆಯಲ್ಲಿ ಕಿಟಕಿ ಇದೆಯೆಂದು ಗೊತ್ತಾದ ಮೇಲೆ ನಿದ್ದೆ ಹತ್ತುವುದುಂಟೇ? ತೆಗೆಯುವುದು ಬೇಡ, ನೋಡಲಿಕ್ಕೇನು, ಒಂದು ಇಟ್ಟಿಗೆ ತೆಗೆದು ಒಳಗೆ ನೋಡಿ ಮತ್ತೆ ಮುಚ್ಚಿಬಿಡೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ಬೆಳಿಗ್ಗೆ ಉಳಿ, ಸುತ್ತಿಗೆ ಹಿಡಿದು ಕೂತೆ. ಗಿಲಾವು ಹಪ್ಪಳದ ಹಾಗೆ ಎದ್ದು ಬಂತು. ಮೇಲೆ ಕಿಟಕಿಯ ಹಳೆಯ ಕಲ್ಲಿನ ತೊಲೆ ಗಟ್ಟಿಯಾಗಿ ಕೂ‍ತಿತ್ತು. ಲೋಡೆಲ್ಲ ಅದರ ಮೇಲಿತ್ತು. ನಮ್ಮವರು ಬಂದು ಅದನ್ನು ನೋಡಿ, ನನ್ನ ಕೈಗೆ ಟಾರ್ಚ್ ಕೊಟ್ಟರು.

ಮೊದಲ ಇಟ್ಟಿಗೆ ಕಳಚಿತು. ಇಟ್ಟಿಗೆಯ ಒಂದೇ ಸಾಲು, ಅದರ ಹಿಂದೆ ಗೇಣಗಲ ಖಾಲಿ ಜಾಗ, ಅದರಾಚೆ ಮುಚ್ಚಿದ ಮರದ ಕದದ ಹಿಂಬದಿ. ತಣ್ಣನೆಯ ಮಣ್ಣಿನ ವಾಸನೆ ಬಂತು. ಆ ಕಡೆ ಮಾಸಿಯ ಕುಕ್ಕರ್ ಕೂಗಿದ್ದು ಕೈಯಳತೆಯಲ್ಲೇ ಕೇಳಿಸಿತು. ಟಾರ್ಚನ್ನು ಕೆಳಗೆ ತಿರುಗಿಸಿದೆ. ಕಿಟಕಿಯ ಕಟ್ಟೆಯ ಮೇಲೆ, ಕದಕ್ಕೆ ತಾಗಿಕೊಂಡು, ಒಂದು ಸ್ಟೀಲಿನ ಬಟ್ಟಲು ಕೂತಿತ್ತು.

ಕೈ ತೂರಿಸಿ ತೆಗೆದೆ. ಧೂಳು, ಜೇಡರ ಬಲೆ. ಸೆರಗಿನಿಂದ ಒರೆಸಿದರೆ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಗುಜರಾತಿ ಅಕ್ಷರ. ಬಸ್ಸಿನ ಬೋರ್ಡು ಓದುವಷ್ಟು ನನಗೆ ಬರುತ್ತದೆ. ಒಂದೊಂದೇ ಅಕ್ಷರ ಕೂಡಿಸಿದೆ. ಸೊಸೆಯ ಬಾಯಲ್ಲಿ ಕೇಳಿದ್ದ ಮಾಸಿಯ ಹೆಸರು.

ಬಟ್ಟಲನ್ನು ಗೆಳತಿ ಒಯ್ದಿರಲಿಲ್ಲ. ಹೊರಡುವ ದಿನ, ಕದ ತೆಗೆಯದಿದ್ದರೂ, ಯಾವಾಗಲೂ ಇಡುವ ಜಾಗದಲ್ಲೇ ಇಟ್ಟು ಹೋಗಿದ್ದರು. ಇಟ್ಟಿಗೆ ಕಟ್ಟಿದ ಗೌಂಡಿ ಅದನ್ನು ಕಂಡೇ ಇರಬೇಕು. ಆ ಕಡೆ ಕದವಿದೆ, ಅವರ ಬಟ್ಟಲು ಅವರು ತೆಗೆದುಕೊಳ್ಳುತ್ತಾರೆ ಅಂದುಕೊಂಡನೇನೋ. ಮಾಸಿ ಒಂದೇ ಒಂದು ಸಲ ಕದ ಎಳೆದಿದ್ದರೆ ಕೈಗೆ ಸಿಗುತ್ತಿತ್ತು. ಬಟ್ಟಲು ಖಾಲಿಯಿತ್ತು. ಖಾಲಿಯೇ ಇಟ್ಟಿದ್ದರೋ, ಏನಾದರೂ ಹಾಕಿಟ್ಟದ್ದನ್ನು ಇರುವೆ ತಿಂದವೋ? ತಳದಲ್ಲಿ ಏನೋ ಒಣಗಿದ ಕಲೆ ಇತ್ತು. ಮೂಸಿದೆ, ಉಗುರಿನಿಂದ ಕೆರೆದೂ ನೋಡಿದೆ. ತಿಳಿಯಲಿಲ್ಲ. ಇವತ್ತಿಗೂ ನನಗೆ ಅದು ತಿಳಿಯಬೇಕೆಂದಿದೆ.

"ಮುಂದಿನ ಬಾಗಲದಿಂದ ಹೋಗಿ ಕೊಟ್ಟ ಬಾ," ಅಂದರು ನಮ್ಮವರು. "ಗ್ವಾಡಿ ಗ್ವಾಡಿಯಾಗೇ ಇರಲಿ. ಇಟ್ಟಂಗಿ ನಾ ಕೂಡಸ್ತೀನಿ."

ಮಾತು ಸರಿಯಾಗಿತ್ತು. ಎರಡು ಗೇಟು ದಾಟಿ ಕೊಟ್ಟುಬಂದರೆ ಬಟ್ಟಲು ಮಾಸಿಗೆ, ಗೋಡೆ ನನಗೆ. ನಾನು ಬಟ್ಟಲು ಹಿಡಿದು ಬಾಗಿಲವರೆಗೆ ಹೋದೆ ಕೂಡ. ಆದರೆ ಆ ಬಟ್ಟಲನ್ನು ಇಟ್ಟವರು ಮುಂಬಾಗಿಲಿಗಾಗಿ ಇಟ್ಟಿರಲಿಲ್ಲ. ಕದ ತೆರೆದಾಗ ಕಾಣಲಿ ಎಂದು ಇಟ್ಟಿದ್ದರು. ನಾನು ಸುತ್ತಿಕೊಂಡು ಹೋಗಿ ಕೊಟ್ಟರೆ ಅದು ಮಾಸಿಗೆ ಸಿಕ್ಕ ಕಳೆದುಹೋದ ಸಾಮಾನಾಗುತ್ತದೆ, ಗೆಳತಿ ಮುಟ್ಟಿಸಿದ ಬಟ್ಟಲಾಗುವುದಿಲ್ಲ.  ವಾಪಸು ಬಂದು, ಅಡುಗೆಮನೆಯ ಕೆಲಸಕ್ಕಾಗಿ ಹಾಲ್‌ಗೆ ಸರಿಸಿದ್ದ ಒಂಟಿ ಒಲೆಯ ಮೇಲೆ ಗೋಧಿ ಹುಗ್ಗಿಗೆ ಇಟ್ಟೆ.

ಹುಗ್ಗಿ ಬೇಯುವಷ್ಟು ಹೊತ್ತು ಇಬ್ಬರೂ ಇಟ್ಟಿಗೆ ತೆಗೆದೆವು. ನಾನು ಬಿಡಿಸುವುದು, ಅವರು ಹಿಂದೆ ಜೋಡಿಸುವುದು. ಆ ದಿನ ಸೊಸೆಗೆ ರಜೆ. ಸದ್ದು ಕೇಳಿ ಅವಳು ಆ ಕಡೆ ಏನೋ ಕೇಳಿದ್ದು, ಮಾಸಿ ಏನೋ ಉತ್ತರ ಕೊಟ್ಟದ್ದು ಕದದ ಮೂಲಕ ಕೇಳುತ್ತಿತ್ತು. ಕೊನೆಯ ಸಾಲು ತೆಗೆದು, ಕಟ್ಟೆ ಒರೆಸಿದೆ. ಬಟ್ಟಲನ್ನು ಬೂದಿ ಹಾಕಿ ತಿಕ್ಕಿ, ಬಿಸಿ ಹುಗ್ಗಿ ತುಂಬಿ, ಮೇಲೆ ತುಪ್ಪ ಬಿಟ್ಟೆ. ಕದವನ್ನು ಗೆಣ್ಣಿನಿಂದ ಬಡಿದೆ.

ಆ ಕಡೆ ಮಾತು ನಿಂತಿತು. ಇನ್ನೊಮ್ಮೆ ಬಡಿದೆ.

"ಕೋಣ?" ಯಾರು ಎಂದರು ಮಾಸಿ.

ಏನು ಹೇಳಲಿ? ಹೆಸರು ಹೇಳಿದರೆ ಪಕ್ಕದ ಮನೆಯವಳು. ಗೆಳತಿಯಂತೂ ಅಲ್ಲ. ಬಾಯಿಗೆ ಬಂದದ್ದು ನಾನು ಕಲಿತ ಒಂದೇ ಒಂದು ಸರಿಯಾದ ವಾಕ್ಯ. "ಮಾಸಿ, ಅಹೀಂ ಬಾರಿ ಛೆ," ಅಂದೆ.

ಕೋಲಿನ ಸದ್ದು ಹತ್ತಿರ ಬಂತು. ಚಿಲಕ ತುಕ್ಕು ಹಿಡಿದಿತ್ತೆಂದು ಕಾಣುತ್ತದೆ, ಗುದ್ದಾಡಿತು. ಸೊಸೆ ತೆಗೆಯಲು ಬಂದಿರಬೇಕು. ಬೇಡ ಎಂದು ಮಾಸಿ ಗದರಿದ್ದು ಕೇಳಿಸಿತು. ಕದ ಕಿರ್ರೆಂದು ಎರಡು ಭಾಗವಾಗಿ ತೆರೆಯಿತು. ಅವರ ಮುಖ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಅವರು ನನ್ನನ್ನು ನೋಡಲಿಲ್ಲ. ಕಟ್ಟೆಯ ಮೇಲೆ, ಕದ ತೆರೆದ ಕಡೆಯೇ, ಬಟ್ಟಲಿತ್ತು.

"ಎಲ್ಲಿತ್ತು?" ಎಂದು ಸೊಸೆ ಹಿಂದಿಯಲ್ಲಿ ಕೇಳಿದಳು. ಇಲ್ಲೇ ಇತ್ತು, ಈ ಕಟ್ಟೆಯ ಮೇಲೇ, ಇಟ್ಟು ಹೋಗಿದ್ದರು ಎಂದೆ. ಅವಳು ಅದನ್ನು ಮಾಸಿಯ ಕಿವಿಯ ಹತ್ತಿರ ಹೇಳಿದಳು. ಮಾಸಿ ಬಟ್ಟಲನ್ನು ಎತ್ತಿ ತಿರುಗಿಸಿದರು, ಅಂಚಿನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದರು. ಹುಗ್ಗಿ ಬಿಸಿಯಿದ್ದರೂ ಕೆಳಗಿಡಲಿಲ್ಲ.

"ಬಹು ವಾರ್ ಲಾಗಿ," ಅಂದರು.

ಬಹಳ ವಾರ ಹಿಡಿಯಿತು ಎಂದು ನನಗೆ ಕೇಳಿಸಿತು. ವಾರವೆಲ್ಲಿ ಮಾಸಿ, ವರ್ಷಗಳೇ ಆದವಲ್ಲ ಎಂದು ಹೇಳುವವಳಿದ್ದೆ. ಈ ಸಲ ನನ್ನ ಕಿವಿಯನ್ನು ನಂಬದೆ ಸೊಸೆಯ ಕಡೆ ನೋಡಿದೆ.

"ಬಹಳ ತಡವಾಯಿತು ಅಂತಿದ್ದಾರೆ," ಅಂದಳು.

ನನಗೆ ಹೇಳಿದ್ದೋ, ಸೂರತ್‌ಗೆ ಹೋದವರಿಗೆ ಹೇಳಿದ್ದೋ, ತಮಗೆ ತಾವೇ ಹೇಳಿಕೊಂಡದ್ದೋ, ಕೇಳುವ ಧೈರ್ಯವಾಗಲಿಲ್ಲ.  ಹಿತ್ತಾಳೆಯ ಹಲಗೆ ಈಗ ಕಿಟಕಿಯ ತೊಲೆಯ ಮೇಲೆ ಒಂದೇ ಸಾಲು ಇದೆ. ನಾನೇ ಡ್ರಿಲ್ ಹಿಡಿದು ಕೂರಿಸಿದ್ದು, ಸ್ವಲ್ಪ ಎಡಕ್ಕೆ ವಾಲಿದೆ. ಅವ್ವನ ಕೊಡ ಅಲ್ಲಿ ಹಿಡಿಸದೆ ನೆಲದ ಮೇಲೇ ಉಳಿಯಿತು. ಅದರ ಲೆಕ್ಕಾಚಾರ ಆಮೇಲಿನದು.

ಆ ದಿನ ಮಾಸಿ ಒಂದು ಬೆರಳು ಹುಗ್ಗಿ ಬಾಯಿಗಿಟ್ಟು, ತಲೆಯಾಡಿಸಿ, ಒಲೆಯ ಮೇಲೆ ಏನೋ ಇದೆಯೆಂದು ಕೈಯಲ್ಲೇ ಹೇಳಿ ಕದ ಎಳೆದುಕೊಂಡರು. ನಾನು ಈ ಕಡೆ ಇಟ್ಟಿಗೆಗಳ ನಡುವೆ ನಿಂತು ಕಿವಿಗೊಟ್ಟೆ. ಕೋಲಿನ ಸದ್ದು ದೂರ ಹೋಯಿತು. ಅವರು ಚಿಲಕ ಹಾಕಿರಲಿಲ್ಲ.